ನೊಂದವರ ಹಾಡನ್ನು ತಿದ್ದುವ ಹಕ್ಕು ನಮಗಿಲ್ಲ

“ಅಳುವುದಕ್ಕೂ ಈಗ ಕಾರ್ಯಾಗಾರ ಬೇಕೆ?” ಎಂದು ನಮ್ಮ ಬಳಗದ ಹಿರಿಯರೊಬ್ಬರು ಕಳೆದ ಸಭೆಯಲ್ಲಿ ಕೇಳಿದರು. ಎಲ್ಲರೂ ನಕ್ಕೆವು. ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಹಾಡು ಕಟ್ಟುವ ಶಿಬಿರಗಳ ವಿಷಯ ಅಂದು ಚರ್ಚೆಗೆ ಬಂದಿತ್ತು. ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಮಾಡಿದ್ದನ್ನೇ ಅವರು ಹೊಸ ಹೆಸರಿಟ್ಟು ಮಾಡುತ್ತಿದ್ದಾರೆ, ನಾವು ಕಲಿಯುವಂಥದ್ದು ಇದರಲ್ಲಿ ಏನೂ ಇಲ್ಲ ಎಂಬ ತೀರ್ಮಾನವಾಯಿತು. ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆಡೆಗೆ ಹೊರಳಿತು. ಆ ನಗುವಿನಲ್ಲಿ ನಾವೂ ಪಾಲುದಾರರು. ಆದ್ದರಿಂದಲೇ ಇದನ್ನು ಬರೆಯಬೇಕಾಗಿದೆ. ಆ ತೀರ್ಮಾನ ತಪ್ಪು. ನಮ್ಮದೇ ಒಂದು ಅಪರಾಧವನ್ನು ಮರೆಯಲು ಅನುಕೂಲ ಮಾಡಿಕೊಡುವ ತಪ್ಪು.

ಆ ಶಿಬಿರಗಳಲ್ಲಿ ನಡೆಯುವುದೇನು? ಟೆಕ್ಸಾಸಿನ ಗೀತರಚನಕಾರ ಡಾರ್ಡನ್ ಸ್ಮಿತ್ ಮತ್ತು ಮೇರಿ ಜಡ್ ಅವರು 2012ರಲ್ಲಿ ‘ಸಾಂಗ್‌ರೈಟಿಂಗ್ ವಿತ್ ಸೋಲ್ಜರ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಯುದ್ಧ ಕಂಡು ಬಂದವರು ವಾರಾಂತ್ಯಕ್ಕೆ ಒಂದೆಡೆ ಸೇರುತ್ತಾರೆ. ಅನುಭವಿ ಗೀತರಚನಕಾರರೊಬ್ಬರು ಗಿಟಾರು ಹಿಡಿದು ಎದುರು ಕೂರುತ್ತಾರೆ, ಕೇಳುತ್ತಾರೆ, ಸೈನಿಕನ ಬಾಯಿಂದ ಬಂದ ಮಾತನ್ನೇ ಸಾಲಾಗಿ ಜೋಡಿಸಿ ಮತ್ತೆ ಅವನ ಮುಂದಿಡುತ್ತಾರೆ. ಈ ಶಿಬಿರಗಳಲ್ಲಿ ದುಡಿದ ಮೇರಿ ಗೋಶೇ 2018ರಲ್ಲಿ ‘ರೈಫಲ್ಸ್ ಅಂಡ್ ರೋಸರಿ ಬೀಡ್ಸ್’ ಎಂಬ ಧ್ವನಿಸಂಪುಟವನ್ನು ಹೊರತಂದರು. ಅದರ ಹನ್ನೊಂದೂ ಹಾಡುಗಳನ್ನು ಅವರು ನಿವೃತ್ತ ಸೈನಿಕರು ಅಥವಾ ಅವರ ಮನೆಯವರೊಂದಿಗೆ ಸೇರಿ ಬರೆದರು. ಒಂದು ಹಾಡು ಸೈನಿಕರ ಹೆಂಡಂದಿರದು: ಗಂಡ ಮನೆಗೆ ಬಂದ ಮೇಲೆ ಶುರುವಾಗುವ ಯುದ್ಧವನ್ನು ಕುರಿತದ್ದು. ಇನ್ನೊಂದು, ಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದ ಮಹಿಳೆಯೊಬ್ಬಳದು. ಅವಳನ್ನು ಕಾಡಿದವರು ಶತ್ರುಗಳಲ್ಲ, ಅವಳ ಪಡೆಯವರೇ. ಸಂಪುಟ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಅದಕ್ಕಿಂತ ನಮಗೆ ಮುಖ್ಯವೆನಿಸಿದ್ದು, ಪ್ರಸಿದ್ಧ ಗಾಯಕಿಯ ಹೆಸರಿನ ಪಕ್ಕದಲ್ಲೇ ಆ ಹೆಸರಿಲ್ಲದವರ ಹೆಸರುಗಳೂ ರಚನಕಾರರಾಗಿ ಇರುವುದು.

ಈಗ ಬೀಸುಕಲ್ಲಿಗೆ ಬರೋಣ. ಅತ್ತೆಯ ಕಾಟ, ತವರಿನ ಹಂಬಲ, ಬಂಜೆಯೆಂಬ ಮಾತಿನ ಇರಿತ, ಇವೆಲ್ಲವನ್ನೂ ತ್ರಿಪದಿಯ ಮೂರು ಸಾಲಿನಲ್ಲಿ ಹಿಡಿದಿಟ್ಟ ಹೆಣ್ಣುಮಕ್ಕಳ ಪ್ರತಿಭೆಯನ್ನು ಅಲ್ಲಗಳೆಯುವ ಉದ್ಧಟತನ ನಮಗಿಲ್ಲ. ಜೊತೆಗೆ ಬೀಸುವವಳು ದನಿಗೂಡಿಸಿದಾಗ ಎದೆಯ ಭಾರ ಒಂದಿಷ್ಟು ಇಳಿದಿದ್ದೀತು. ಆದರೆ ಆ ಹಾಡನ್ನು ಕೇಳಬೇಕಾಗಿದ್ದವರು ನಸುಕಿನಲ್ಲಿ ಒಳಗೆ ಮಲಗಿದ್ದರು. ಕಲ್ಲಿನ ಸದ್ದು ಹಾಡಿಗೆ ತಾಳವಾಗಿತ್ತು, ಮರೆಯೂ ಆಗಿತ್ತು. ಹಿಟ್ಟಾದ ಮೇಲೆ ಅವಳು ಅದೇ ಮನೆಯ ಅದೇ ಒಲೆಯ ಮುಂದೆ ಹೋಗಿ ಕೂರಬೇಕಿತ್ತು. ಇದನ್ನು ಚಿಕಿತ್ಸೆ ಎನ್ನುವುದು, ಅವಳು ಸಹಿಸಿಕೊಂಡದ್ದನ್ನೇ ಅವಳಿಗೆ ಸಿಕ್ಕ ಉಪಶಮನವೆಂದು ಬರೆದಿಟ್ಟಂತೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ನಾಡಿಗೆ ದೊಡ್ಡ ಉಪಕಾರ ಮಾಡಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಹೆಸರುಗಳು ನಮಗೆ ಬಾಯಿಪಾಠ. ಆ ಹಾಡುಗಳನ್ನು ಹಾಡಿದವರಲ್ಲಿ ಒಬ್ಬಳ ಹೆಸರನ್ನಾದರೂ ನಮ್ಮ ಸಭೆಯಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಅಜ್ಜಿಯರ ಹೆಸರಿನಲ್ಲಿ ಇತರರನ್ನು ಹಳಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು.

ಇನ್ನು ಆ ಅಪರಾಧದ ಮಾತು. 2021ರ ಏಪ್ರಿಲಿನಲ್ಲಿ ಈ ದೆಹಲಿಯಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರು ನಮ್ಮ ಬಳಗದಲ್ಲಿದ್ದರು. ಬರೆಯಿರಿ, ಬರೆದರೆ ಹಗುರವಾಗುತ್ತೀರಿ ಎಂದು ಅವರನ್ನು ಒತ್ತಾಯಿಸಿದವರು ನಾವೇ. ಅವರು ಬರೆದು ತಂದರು. ಅದರಲ್ಲಿ ಸ್ಮಶಾನದ ಟೋಕನ್ ಸಂಖ್ಯೆ ಇತ್ತು, ಆಸ್ಪತ್ರೆಯವರು ಚೀಲದಲ್ಲಿ ಹಾಕಿಕೊಟ್ಟ ಕನ್ನಡಕ ಮತ್ತು ಚಾರ್ಜರ್ ಇದ್ದವು. ನಾವು ಮಾಡಿದ್ದೇನು? ಅಂಕಿಗಳು ಲಯವನ್ನು ಕೆಡಿಸುತ್ತವೆ ಎಂದು ಟೋಕನ್ನನ್ನು ತೆಗೆದು ‘ಕಾಲನ ಕರೆ’ ಹಾಕಿದೆವು. ಚಾರ್ಜರ್ ಕಾವ್ಯಕ್ಕೆ ಒಗ್ಗದೆಂದು ಹಣತೆ ಇಟ್ಟೆವು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಎಲಿಯಟ್‌ನ ನಿರ್ವ್ಯಕ್ತಿಕ ಕಾವ್ಯದ ಪಾಠ ಕೇಳಿದ ಸೊಕ್ಕು ಒಂದು ಕಡೆ, ಸರ್ಕಾರಿ ಕಚೇರಿಯಲ್ಲಿ ಇತರರ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ಬಂದ ಚಟ ಇನ್ನೊಂದು ಕಡೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಎಲ್ಲರೂ ಹೊಗಳಿದರು. ಅವರು ಸಂಚಿಕೆಯನ್ನು ತೆಗೆದುಕೊಂಡು ಹೋದರು, ಮತ್ತೆ ಸಭೆಗೆ ಬರಲಿಲ್ಲ.

ಬೇಂದ್ರೆಯವರೂ ಮಗುವಿನ ಸಾವಿನ ನೋವನ್ನು ಕಲೆಯಾಗಿ ಮಾರ್ಪಡಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾರ್ಪಡಿಸಿದರು. ಆದರೆ ಅದು ಅವರ ಮಗು, ಅವರ ಹೆಂಡತಿಯ ನೋಟ, ಅವರ ಕೈ. ನಾವು ಕೈಹಾಕಿದ್ದು ಇನ್ನೊಬ್ಬರ ಸಾವಿಗೆ. (ಆ ಕವಿತೆಯನ್ನು ಪ್ರಣಯಗೀತೆಯಂತೆ ಹಾಡಿ ಚಪ್ಪಾಳೆ ಗಿಟ್ಟಿಸುವವರನ್ನು ನಮ್ಮ ವೇದಿಕೆಗಳಲ್ಲೇ ಕಂಡಿದ್ದೇವೆ. ಅದು ಬೇರೆ ಲೇಖನಕ್ಕೆ ವಸ್ತು.)

ಹಾಗೆಂದು ಇತ್ತೀಚೆಗೆ ಮಹಾನಗರಗಳಲ್ಲಿ ಅರ್ಧ ದಿನದ ಶುಲ್ಕ ಕಟ್ಟಿಸಿಕೊಂಡು ಹಾಡಿನಿಂದ ಗುಣಪಡಿಸುತ್ತೇವೆನ್ನುವವರ ಪರ ವಕಾಲತ್ತು ವಹಿಸುತ್ತಿಲ್ಲ. ಆಘಾತವಾದ ಕೂಡಲೇ ಒಂದೇ ಬೈಠಕ್ಕಿನಲ್ಲಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯೊಂದು ಪಶ್ಚಿಮದಲ್ಲಿ ಹಿಂದೆ ಬಹಳ ಬಳಕೆಯಲ್ಲಿತ್ತು. ಅದರಿಂದ ಮುಂದಿನ ಮನೋವ್ಯಾಧಿ ತಪ್ಪುವುದಿಲ್ಲವೆಂದು ಕಂಡುಬಂದ ಮೇಲೆ ಬ್ರಿಟನ್ನಿನ ‘ನೈಸ್’ ಸಂಸ್ಥೆಯ ಮಾರ್ಗಸೂಚಿ ಅದನ್ನು ಮಾಡಕೂಡದೆಂದೇ ಹೇಳಿತು. ಗಾಯವನ್ನು ಬಿಚ್ಚಿಸಿ, ಪ್ರಮಾಣಪತ್ರ ಕೊಟ್ಟು, ಸಂಜೆಯ ಮೆಟ್ರೊ ಹತ್ತಿಸಿ ಕಳಿಸುವವರು ರಾತ್ರಿ ಎರಡು ಗಂಟೆಗೆ ಆ ವ್ಯಕ್ತಿಯ ಫೋನು ಎತ್ತುವುದಿಲ್ಲ. ಹಾಡು ವೈದ್ಯರ ಜಾಗವನ್ನು ತುಂಬಲಾರದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಮಾತನಾಡುತ್ತದೆ. ಹೊರನಾಡಿನ ಎಷ್ಟು ಕನ್ನಡ ಸಂಘಗಳು ಈ ಸಂಖ್ಯೆಯನ್ನು ತಮ್ಮ ಆಹ್ವಾನಪತ್ರಿಕೆಯ ಮೂಲೆಯಲ್ಲಾದರೂ ಅಚ್ಚು ಹಾಕಿಸಿವೆ?

ಕನ್ನಡದ ಪ್ರಶ್ನೆ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಆ ಸೈನಿಕರ ಹಾಡು ನಿಂತಿರುವುದು ಅವರ ಆಡುಮಾತಿನ ಮೇಲೆ. ಈ ಊರಿನಲ್ಲಿ ಹಿಂದಿಯಲ್ಲಿ ತರಕಾರಿ ಕೊಂಡು, ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಮಾತ್ರ ಅಳಬಲ್ಲವರಿಗೆ ನಮ್ಮಂಥ ಬಳಗ ಬಿಟ್ಟರೆ ಬೇರೆ ಜಾಗವೆಲ್ಲಿದೆ? ಅಂಥವರು ಬಂದಾಗ ಅವರ ಕನ್ನಡವನ್ನೇ ನಾವು ಕಿತ್ತುಕೊಂಡೆವು.

ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಂಡಿಸಲಿದ್ದೇವೆ. ಆ ತಿದ್ದಿದ ಕವಿತೆ ನಮ್ಮ ಜಾಲತಾಣದ ಸಂಗ್ರಹದಿಂದ ಹೋಗಬೇಕು. ಅವರ ಕೈಬರಹದ ಪ್ರತಿ ಇನ್ನೂ ನಮ್ಮ ಕಡತದಲ್ಲಿದೆ. ಅದನ್ನು ಅಂಚೆಯಲ್ಲಿ ಕಳಿಸದೆ ಮನೆಗೆ ಹೋಗಿ ಕೊಟ್ಟು ಬರಬೇಕು. ಅವರು ಬಾಗಿಲು ತೆರೆಯದಿದ್ದರೆ ಅದು ಅವರ ಇಷ್ಟ.