ಕೋಡಿ ಬೀಳುವ ಮುನ್ನ

ವಕ್ಕಲೇರಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಂಧುಗಳೇ,

ತೋಟದ ಮೂಲೆಯಲ್ಲಿ ಮರೆಮಾಡಿದ ಹೊಂಡ, ಕತ್ತಲಾದ ಮೇಲೆ ಬರುವ ಟೆಂಪೊ, ಅದರ ತುಂಬ ಕೋಳಿ ಅಂಗಡಿಯ ಕರುಳು, ಪುಕ್ಕ. ಗಾಳಿ ಬೀಸಿದರೆ ಸಾಕು, ನಿಮ್ಮ ಮೂಗಿಗೇ ಗೊತ್ತಾಗುತ್ತದೆ. ಅಲ್ಲಿ ಸಾಕುವುದು ಆಫ್ರಿಕನ್ ಕ್ಯಾಟ್‌ಫಿಶ್. 2000ದಿಂದಲೇ ದೇಶದಲ್ಲಿ ನಿಷೇಧವಿರುವ ಮೀನು. ಸಾಕುವವರಿಗೂ ಇದು ಗೊತ್ತು. ಪುಕ್ಕಟೆ ಮೇವಿನ ಆಸೆಗೆ, ಗೊತ್ತಿದ್ದೇ ಸಾಕುತ್ತಾರೆ. ಇದನ್ನು ನಾನು ಕ್ಷಮಿಸಲಾರೆ.

ಸಂತೆಯಲ್ಲಿ ‘ಕ್ಯಾಟ್‌ಫಿಶ್’ ಎಂದಷ್ಟೇ ಕೂಗುತ್ತಾರೆ, ನಾವೂ ಕೇಳದೆ ಕೊಳ್ಳುತ್ತೇವೆ. ಕೇಳಬೇಡವೇ? ನಾಟಿ ಮಾಗೂರಿಗೂ ಆಫ್ರಿಕದ್ದಕ್ಕೂ ನಾಲ್ಕು ಜೊತೆ ಮೀಸೆ, ಎರಡೂ ನೀರಿನ ಹೊರಗೆ ಗಾಳಿ ಕುಡಿದು ಬದುಕುತ್ತವೆ, ನಿಜ. ಆದರೆ ನಮ್ಮ ನಾಟಿ ಮಾಗೂರು ಒಂದೂವರೆ ಅಡಿ ದಾಟುವುದೇ ಅಪರೂಪ, ಕಂದು ಮೈ. ಆಫ್ರಿಕದ್ದು ಮೀಟರಿಗೂ ಮೀರಿ, ಹತ್ತಾರು ಕಿಲೋ ಬೆಳೆಯುತ್ತದೆ. ಬೂದು ಮೈಮೇಲೆ ಅಮೃತಶಿಲೆಯಂಥ ಮಚ್ಚೆ, ಹೊಟ್ಟೆ ಬಿಳುಪು, ತಲೆ ಅಗಲ, ಚಪ್ಪಟೆ. ಮರಿಯಲ್ಲಿ ಅನುಮಾನ ಬಂದರೆ, ಸತ್ತ ಮೀನಿನ ಕಿವಿರಿನ ಹಿಂದಿರುವ ರೆಕ್ಕೆಯ ಮುಳ್ಳು ನೋಡಿ. ಆಫ್ರಿಕದ್ದಕ್ಕೆ ಹೊರಅಂಚಿನಲ್ಲಿ ಮಾತ್ರ ಗರಗಸದ ಹಲ್ಲು. ನಾಟಿಗೆ ಒಳಅಂಚಿನಲ್ಲೂ ಇರುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು, ಕೆರೆಯೇ ಗತಿ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಎಷ್ಟು ಹಿಗ್ಗಿದ್ದೆವು! ಅಲ್ಲಿಂದಾಚೆ ಕೆರೆಯಿಂದ ಕೆರೆಗೆ ಕೋಡಿ ಹರಿಯಿತು. ಇನ್ನು ಅದೇ ಕೋಡಿಯಲ್ಲಿ ಈ ಮೀನೂ ಹರಿಯುತ್ತದೆ. ಮಳೆರಾತ್ರಿ ಹೊಂಡದಿಂದ ತಪ್ಪಿಸಿಕೊಂಡು ಒದ್ದೆ ನೆಲದ ಮೇಲೂ ತೆವಳಿ ಹೋಗಬಲ್ಲದು. ಕಪ್ಪೆ, ಪಕ್ಕೆ, ಕೊರಮೀನಿನ ಮರಿ, ಗುತ್ತಿಗೆದಾರರು ಬಿಟ್ಟ ಕಾಟ್ಲಾ ಮರಿ, ಬಾಯಿಗೆ ಸಿಕ್ಕಿದ್ದೆಲ್ಲ ನುಂಗುತ್ತದೆ. ಹೀಗೆ ಕೆಟ್ಟ ಕೆರೆಯನ್ನು ಯಾವ ಹೂಳೆತ್ತುವ ಯಂತ್ರ ಸರಿಮಾಡೀತು? ಒಬ್ಬನ ನಾಲ್ಕು ಕಾಸಿನ ಲಾಭಕ್ಕೆ ನಾಲ್ಕಾರು ಊರಿನ ಕೆರೆ ಬಲಿಯೇ?

ಹೊಂಡ ಕಂಡವರು ಮೀನುಗಾರಿಕೆ ಇಲಾಖೆಗೆ, ಪಂಚಾಯಿತಿಗೆ ತಿಳಿಸಿ. ನೆಂಟ, ಜಾತಿಯವ, ಪಕ್ಷದವ ಎಂದು ಬಾಯಿ ಮುಚ್ಚಿಕೊಳ್ಳಬೇಡಿ. ಈ ಮೀನನ್ನು ಕೊಳ್ಳಬೇಡಿ. ಬಲೆಗೆ ಬಿದ್ದರೆ ಪಾಪವೆಂದು ಮತ್ತೆ ನೀರಿಗೆ ಬಿಡಬೇಡಿ, ಅಲ್ಲೇ ಕೊಂದು ಹೂಳಿ. ಕೋಳಿ ಅಂಗಡಿಯ ಅಣ್ಣಂದಿರೇ, ನಿಮ್ಮ ಕಸ ಯಾರ ಟೆಂಪೊಗೆ ಹೋಗುತ್ತದೆಂದು ನಿಮಗೆ ಗೊತ್ತು. ಇವತ್ತಿನಿಂದಲೇ ನಿಲ್ಲಿಸಿ, ಮುಂಗಾರು ಕಾಯುವುದಿಲ್ಲ.