ರೋಗಿಯ ತಟ್ಟೆ ಮತ್ತು ವ್ರತದ ಲೆಕ್ಕ

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್‌ಗೆ ಕೊಡುವ ಕೀಮೋಥೆರಪಿ ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಗಳಿಗೊಂದು ಸುತ್ತಿನಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕೆ ಪಂಚಾಂಗ ಗೊತ್ತಿಲ್ಲ. ಚಾತುರ್ಮಾಸವೋ, ದಶಲಕ್ಷಣ ಪರ್ವವೋ, ಅನಂತ ನೋಂಪಿಯೋ, ತಿಂಗಳಿಗೆ ನಾಲ್ಕು ಸಲ ಬರುವ ಅಷ್ಟಮಿ-ಚತುರ್ದಶಿಗಳೋ ಆ ಅವಧಿಯೊಳಗೆ ಬಂದೇ ಬರುತ್ತವೆ. ಐವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ನಿಯಮವನ್ನು ರೋಗ ಬಂತೆಂದು ಬಿಡುವುದೆ? ಬಹಳ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ರೋಗಿ ಸದ್ದಿಲ್ಲದೆ ಒಂದು ಹೊತ್ತಿನ ಊಟ ಬಿಡುತ್ತಾರೆ; ಮನೆಯವರು ಅದನ್ನು ದೃಢತೆಯೆಂದು ಮೆಚ್ಚುತ್ತಾರೆ; ವೈದ್ಯರಿಗೆ ಮಾತ್ರ ಯಾರೂ ತಿಳಿಸುವುದಿಲ್ಲ.

ಅಪಾಯವಿರುವುದು ಈ ಮೌನದಲ್ಲಿ. ಸ್ನಾಯು ಕರಗಿದ ದೇಹ ಕೀಮೋ ಔಷಧಗಳ ತೀಕ್ಷ್ಣತೆಯನ್ನು ತಾಳುವುದಿಲ್ಲ. ಔಷಧದ ಪ್ರಮಾಣ ಇಳಿಸಬೇಕಾಗುತ್ತದೆ, ಸುತ್ತನ್ನು ಮುಂದೂಡಬೇಕಾಗುತ್ತದೆ, ಶಸ್ತ್ರಚಿಕಿತ್ಸೆಯ ಗಾಯ ಮಾಯಲು ತಡವಾಗುತ್ತದೆ. ಕ್ಯಾನ್ಸರ್ ರೋಗಿಗಳ ಪೋಷಣೆ ಕುರಿತ ಯುರೋಪಿನ ತಜ್ಞರ ಮಾರ್ಗಸೂಚಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕಿಲೋ ಕ್ಯಾಲೊರಿ ಶಕ್ತಿಯನ್ನೂ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನನ್ನೂ ಹೇಳುತ್ತದೆ. ಅರವತ್ತು ಕಿಲೋ ತೂಕದವರಿಗೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾಯಿತು. ಎರಡು ಹೊತ್ತು ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆಯಲ್ಲಿ ದಿನ ಕಳೆಯುವ ವ್ರತಸ್ಥ ಹಿರಿಯರ ಊಟದಲ್ಲಿ ಅದರ ಅರ್ಧವೂ ಇರುವುದಿಲ್ಲ.

ಹಾಗೆಂದು ಮೊಟ್ಟೆಯ ಮೊರೆಹೋಗಬೇಕಾಗಿಲ್ಲ. ನೂರು ಗ್ರಾಂ ಬೇಳೆಯನ್ನು ದಿನದಲ್ಲಿ ಎರಡು ಮೂರು ಸಲವಾಗಿ ಹಂಚಿದರೆ ಸುಮಾರು 22 ಗ್ರಾಂ, ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಹಾಲಿನ ಮೊಸರಿನಿಂದ 16 ಗ್ರಾಂ, ಐವತ್ತು ಗ್ರಾಂ ಪನೀರಿನಿಂದ 9 ಗ್ರಾಂ, ಇಡೀ ದಿನದ ಅಕ್ಕಿ-ಗೋಧಿಯಿಂದ ಇಪ್ಪತ್ತರಷ್ಟು: ಅರವತ್ತು ದಾಟಿತು. ಬೇಳೆಯೊಡನೆ ಹಸಿ ಹಾಲು-ಮೊಸರನ್ನು ಬೆರೆಸದ ದ್ವಿದಳದ ನಿಯಮವುಳ್ಳವರು ಮಧ್ಯಾಹ್ನ ಹೆಸರುಬೇಳೆಯ ತೊವ್ವೆ ಬಡಿಸಿ, ನಾಲ್ಕು ಗಂಟೆಗೆ ಮೊಸರನ್ನವನ್ನು ಬೇರೆಯಾಗಿಯೇ ಕೊಡಬಹುದು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದೇ ಇಂಥ ರೋಗಿಗೆ ಹಿತ. ಆದ್ದರಿಂದ ನಿಯಮವೂ ಉಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ.

ವಾಸ್ತವದಲ್ಲಿ ಜೈನ ಅಡುಗೆಮನೆಯ ಹಲವು ಕಟ್ಟುಪಾಡುಗಳು ಆಸ್ಪತ್ರೆಯ ಸೂಚನೆಗೆ ಹತ್ತಿರವಾಗಿವೆ. ಬಿಳಿ ರಕ್ತಕಣ ಇಳಿದಾಗ ವೈದ್ಯರು ಕೇಳುವುದು ಕುದಿಸಿದ ನೀರು, ಆಗತಾನೆ ಬೇಯಿಸಿದ ಬಿಸಿ ಅಡುಗೆ. ಅವರು ಬೇಡವೆನ್ನುವುದು ತಂಗಳು, ಹಸಿ ಮೊಳಕೆಕಾಳು, ಬೀದಿಯ ಚಟ್ನಿ. ಶೋಧದ ಅಡುಗೆ ಮಾಡುವ ಅಜ್ಜಿಗೆ ಇದರಲ್ಲಿ ಹೊಸದೇನಿದೆ? ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಕೆಲವು ದಿನ ತಣ್ಣನೆಯದು ತಾಕಿದರೆ ಕೈಬೆರಳು, ಗಂಟಲು ಜುಮ್ಮೆನ್ನುತ್ತವೆ. ಕಾಸಿದ ನೀರು ಕುಡಿಯುವ ರೂಢಿ ಅಲ್ಲಿಯೂ ಒದಗುತ್ತದೆ, ಫ್ರಿಜ್ಜಿನ ಮೊಸರನ್ನು ದೂರವಿಟ್ಟರೆ ಸಾಕು. ಭೇದಿಯಾಗುವಾಗ ಆಲೂಗಡ್ಡೆ ಬೇಯಿಸಿ ಕೊಡಿ ಎಂದರೆ ಕಂದಮೂಲ ಬಿಟ್ಟವರು ಬಾಳೆಕಾಯಿ ಬೇಯಿಸಲಿ. ವಾಕರಿಕೆಗೆ ಹಸಿಶುಂಠಿಯ ಬದಲು ಒಣಶುಂಠಿ ಇದೆ.

ನಾರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕರುಳಿಗೆ ನಾರು ಒಳ್ಳೆಯದೆಂಬುದು ಆರೋಗ್ಯವಂತರ ಮಾತು. ಭೇದಿಯಾಗುವಾಗ, ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಹೊಟ್ಟೆಯ ಮೇಲೆ ಸ್ಟೋಮಾ ಇರಿಸಿದ ಆರಂಭದ ವಾರಗಳಲ್ಲಿ ಇಡಿಕಾಳು, ಸೊಪ್ಪು, ತೆಂಗಿನತುರಿ, ಮೆಕ್ಕೆಜೋಳಗಳನ್ನು ಸಾಮಾನ್ಯವಾಗಿ ಬದಿಗಿಡಬೇಕಾಗುತ್ತದೆ. ಬಿಳಿ ಅಕ್ಕಿಯ ಗಂಜಿ, ಹೆಸರುಬೇಳೆ, ಸಿಪ್ಪೆ-ಬೀಜ ತೆಗೆದ ಸೋರೆಕಾಯಿ, ರವೆಯ ಗಂಜಿ ಆಗ ನಡೆಯುತ್ತವೆ. ಭೇದಿಯಲ್ಲಿ ನೀರಿನೊಡನೆ ಉಪ್ಪೂ ಹೋಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಭೇದಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ನೆಂಟರು ತಂದುಕೊಡುವ ಹಾಗಲರಸ, ಗೋಮೂತ್ರ, ಶಕ್ತಿಯ ಮಾತ್ರೆಗಳನ್ನು ಕೇಳದೆ ಕೊಡಬಾರದು; ಫೋಲಿಕ್ ಆಮ್ಲವು ಕೆಪಾಸಿಟಬಿನ್ ಔಷಧದ ದುಷ್ಪರಿಣಾಮವನ್ನು ಹೆಚ್ಚಿಸಬಲ್ಲದು.

ನಿಜವಾದ ತಿಕ್ಕಾಟ ಬರುವುದು ಇದೇ ಕೆಪಾಸಿಟಬಿನ್ ಮಾತ್ರೆಯಲ್ಲಿ. ಅದನ್ನು ದಿನಕ್ಕೆರಡು ಬಾರಿ, ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ, ಊಟ ಮುಗಿದ ಅರ್ಧ ಗಂಟೆಯೊಳಗೆ ನುಂಗಬೇಕು. ಮುಂಬಯಿಯ ಡಿಸೆಂಬರ್‌ನಲ್ಲಿ ಹಗಲಿರುವುದೇ ಹನ್ನೊಂದು ಗಂಟೆ. ಸೂರ್ಯೋದಯದ ನಂತರ ಉಂಡು ಸೂರ್ಯಾಸ್ತಕ್ಕೆ ಮುನ್ನ ಮುಗಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ ನುಂಗುವುದು, ಸಂಜೆಯದನ್ನು ಬಿಟ್ಟೇಬಿಡುವುದು ಎರಡೂ ತಪ್ಪು. ಕಷ್ಟವನ್ನು ವೈದ್ಯರ ಮುಂದಿಟ್ಟು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಅವರು ಊಟ ರಾತ್ರಿಯೇ ಆಗಬೇಕೆಂದರೆ ರಾತ್ರಿಯೇ ಉಣ್ಣಬೇಕು.

ಇದು ಧರ್ಮಲೋಪವೆನ್ನುವವರು ಸಮಂತಭದ್ರಾಚಾರ್ಯರ ಕಥೆಯನ್ನು ನೆನೆಯಲಿ. ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ವ್ಯಾಧಿ ಆ ಮಹಾಮುನಿಗೆ ಅಂಟಿತೆಂದು ‘ರಾಜಾವಳೀ ಕಥೆ’ ಹೇಳುತ್ತದೆ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು, ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ಬದಿಗಿಟ್ಟು, ಹೊಟ್ಟೆತುಂಬ ಉಂಡು, ಗುಣಮುಖರಾಗಿ ಮತ್ತೆ ಬರುವಂತೆ ಕಳುಹಿಸಿದರು. ಮುನಿಗೇ ಸಂದ ವಿನಾಯಿತಿ ಪುಣೆಯ ಫ್ಲ್ಯಾಟಿನ ಶ್ರಾವಿಕೆಗೆ ಸಲ್ಲದೆ? ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರೋಗದ ಕಾರಣಕ್ಕೆ ಸಲ್ಲೇಖನವನ್ನು ಒಪ್ಪಿದ್ದು ಪ್ರತೀಕಾರವೇ ಇಲ್ಲದ ರೋಗದಲ್ಲಿ. ಬೇಗ ಪತ್ತೆಯಾದ ಕರುಳಿನ ಕ್ಯಾನ್ಸರ್‌ಗೆ ಪ್ರತೀಕಾರವಿದೆ. ಭಾದ್ರಪದದಲ್ಲಿ ಪೂಜಿಸುವ ಷೋಡಶ ಭಾವನೆಗಳಲ್ಲಿ ತಪಸ್ಸು ಶಕ್ತಿಗೆ ತಕ್ಕಂತಿರಲಿ ಎಂಬುದೂ ಒಂದು. 2015ರಲ್ಲಿ ರಾಜಸ್ಥಾನ ಹೈಕೋರ್ಟಿನ ಸಂಥಾರಾ ತೀರ್ಪಿನ ವಿರುದ್ಧ ಬೀದಿಗಿಳಿದು, ಸಲ್ಲೇಖನವು ಆತ್ಮಹತ್ಯೆಯಲ್ಲ ಎಂದು ಸಾರಿದ ಸಮಾಜಕ್ಕೆ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿದಿದೆ. ಅದನ್ನು ನ್ಯಾಯಾಲಯದಲ್ಲಿ ಬಳಸಿ ಮನೆಯಲ್ಲಿ ಮರೆಯುವುದು ಸರಿಯಲ್ಲ.

ರೋಗಿಯ ಸೇವೆಗೆ ವೈಯಾವೃತ್ಯವೆಂಬ ಹೆಸರಿದೆ. ಅದು ಅಂತರಂಗ ತಪಗಳಲ್ಲೊಂದು. ಆದರೆ ವೇದಿಕೆಯ ಶಾಲು-ಹಾರಗಳೆಲ್ಲ ಉಪವಾಸಿಗಳಿಗೆ. ಆರು ತಿಂಗಳು ದಿನಕ್ಕೆ ಆರು ಬಾರಿ ಗಂಜಿ ಕಾಯಿಸಿದ ಸೊಸೆಯನ್ನು ಯಾವ ಬಸದಿಯ ಸಮಿತಿಯೂ ಕರೆದು ಕೂರಿಸುವುದಿಲ್ಲ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಬೆಳಗಾವಿ ಕಡೆಯಿಂದ ಬಂದು ಧರ್ಮಶಾಲೆಯಲ್ಲಿ ಇಳಿದುಕೊಳ್ಳುವ ಕುಟುಂಬಕ್ಕೆ ಬಸದಿಯ ಊಟದ ಡಬ್ಬಿ ಸಿಕ್ಕೀತು. ಆದರೆ ಹಗಲೆಲ್ಲ ವಾಂತಿಯಾಗಿ ರಾತ್ರಿ ಒಂಬತ್ತಕ್ಕೆ ಹಸಿವೆನ್ನುವ ರೋಗಿಗೆ ಬಿಸಿ ಗಂಜಿ ಕೊಡುವವರು ಯಾರು? ಮುಂಬಯಿಯ ಸಮಾಜದ ಸಂಘಗಳು ಪಾರಣೆಯ ಪೆಂಡಾಲಿನ ಖರ್ಚನ್ನು ಒಂದು ವರ್ಷ ಕಡಿತಗೊಳಿಸಿ, ಅಲ್ಲಿಯೇ ಒಂದು ಕೋಣೆ ಹಿಡಿದು, ರಾತ್ರಿಯೂ ಆರದ ಒಂದು ಒಲೆಯನ್ನೂ ಸಂಬಳದ ಒಬ್ಬ ಅಡುಗೆಯವರನ್ನೂ ಇರಿಸಲಿ. ಬರುವ ಚಾತುರ್ಮಾಸದ ಸಭೆಯಲ್ಲಿ ತ್ಯಾಗಿಗಳೇ ಎದ್ದು, ಚಿಕಿತ್ಸೆಯಲ್ಲಿರುವವರಿಗೆ ಈ ವರ್ಷದ ನೋಂಪಿಯಿಂದ ವಿನಾಯಿತಿ ಇದೆ ಎಂದು ಹೆಸರು ಹಿಡಿಯದೆ ಎಲ್ಲರ ಮುಂದೆ ಹೇಳಲಿ. ಮನೆಯ ಹಿರಿಯರು ಮಗನ ಮಾತಿಗಿಂತ ಆ ಮಾತನ್ನು ಕೇಳುತ್ತಾರೆ.