ಮುಪ್ಪಿನ ಮರವೆ ಮತ್ತು ಇರುಳಿನ ಉಸಿರು

ಮುಪ್ಪಿನೊಡನೆ ಮರವೆ ಬರುವುದು ಸಹಜವೆಂಬ ಮಾತನ್ನು ನಮ್ಮ ಜನ ಎಷ್ಟು ನಿಶ್ಚಿಂತೆಯಿಂದ ಒಪ್ಪಿಕೊಂಡಿರುವರೋ, ಗಟ್ಟಿಯಾಗಿ ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿರುವನೆಂಬ ಮಾತನ್ನೂ ಅಷ್ಟೇ ನಿಶ್ಚಿಂತೆಯಿಂದ ಒಪ್ಪಿಕೊಂಡಿರುವರು. ಮಂಗಳೂರಿನಿಂದ ಶಿರಾಡಿ ಘಾಟಿಯ ಮಾರ್ಗವಾಗಿ ಬೆಂಗಳೂರಿಗೆ ಹೊರಟ ರಾತ್ರಿಬಸ್ಸಿನಲ್ಲಿ ಒಬ್ಬನ ಗೊರಕೆ ಉಳಿದವರ ಪರಿಹಾಸಕ್ಕೆ ವಸ್ತುವಾಗುವುದು. ಯಕ್ಷಗಾನದಲ್ಲಿ ಕುಂಭಕರ್ಣನನ್ನು ಎಬ್ಬಿಸುವ ಸನ್ನಿವೇಶ ಬಂದರೆ ರಂಗಸ್ಥಳದ ಮುಂದೆ ನಗೆ ಏಳುವುದು. ಈ ಎರಡು ನಂಬಿಕೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುವುದೇ ತಪ್ಪೆಂದೂ, ಕೆಲವರ ಮರವೆಯ ಬೇರು ಅವರ ಗೊರಕೆಯ ನಡುವಣ ನಿಶ್ಶಬ್ದದಲ್ಲಿರಬಹುದೆಂದೂ ನನ್ನ ವಾದ.

ನಿದ್ರೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲುವುವು. ಕೆಲವರಲ್ಲಿ ನಾಲಗೆಯ ಬುಡವೂ ಮೃದುವಾದ ಅಂಗುಳವೂ ಹಿಂದಕ್ಕೆ ಕುಸಿದು ಶ್ವಾಸಮಾರ್ಗವನ್ನು ಮುಚ್ಚಿಬಿಡುವುವು. ಎದೆ ಏರಿಳಿಯುತ್ತಲೇ ಇದ್ದರೂ ಗಾಳಿ ಒಳಗೆ ಹೋಗದು. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಹೀಗೆ ಉಸಿರು ನಿಂತರೆ ವೈದ್ಯರು ಅದನ್ನು ಆಪ್ನಿಯಾ ಎನ್ನುವರು. ಉಸಿರು ನಿಲ್ಲುವುದೂ ಕುಗ್ಗುವುದೂ ಸೇರಿ ಗಂಟೆಗೆ ಮೂವತ್ತು ಬಾರಿಗೆ ಮೀರಿದರೆ ರೋಗ ತೀವ್ರವಾದುದೆಂದು ಎಣಿಕೆ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಮಿದುಳು ಬೆಚ್ಚಿ ಅರೆ ಎಚ್ಚರಗೊಳ್ಳುವುದು, ಗಂಟಲು ತೆರೆಯುವುದು, ಏದುಸಿರಿನೊಂದಿಗೆ ಗೊರಕೆ ಮರಳುವುದು. ಮಲಗಿದವನಿಗೆ ಬೆಳಗ್ಗೆ ಇದಾವುದರ ನೆನಪೂ ಇರದು.

ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು, ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ತಾನೊಂದೇ ವ್ಯಯಿಸುವುದು. ಆ ಮಿದುಳಿನಲ್ಲಿಯೂ ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಆಮ್ಲಜನಕದ ಕೊರತೆಗೆ ಬಹು ಬೇಗ ಈಡಾಗತಕ್ಕದ್ದು. ಹಗಲಿನ ಅನುಭವಗಳು ಸ್ಥಿರವಾದ ಸ್ಮೃತಿಯಾಗುವ ಕಾರ್ಯವೂ ಬಹುಮಟ್ಟಿಗೆ ನಿದ್ರೆಯಲ್ಲಿಯೇ ನಡೆಯುವುದಾದ್ದರಿಂದ, ಈ ರೋಗಿಯ ನಷ್ಟ ಇಮ್ಮಡಿಯಾಗಬಹುದು.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಕ್ರಿಸ್ಟೀನ್ ಯಾಫಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆಗುಳಿ ರೋಗವಿಲ್ಲದ 298 ವೃದ್ಧೆಯರನ್ನು ಪರೀಕ್ಷಿಸಿ ಕೆಲವು ವರ್ಷಗಳ ಬಳಿಕ ಮತ್ತೆ ನೋಡಿದಾಗ, ನಿದ್ರೆಯಲ್ಲಿ ಉಸಿರಾಟ ಕೆಟ್ಟಿದ್ದವರಲ್ಲಿ ನೂರಕ್ಕೆ 44.8 ಮಂದಿಗೂ ಉಳಿದವರಲ್ಲಿ 31.1 ಮಂದಿಗೂ ಸ್ಮೃತಿ-ಬುದ್ಧಿಗಳ ಕ್ಷೀಣತೆ ಕಂಡುಬಂದಿತು. ಗಮನಿಸತಕ್ಕ ಅಂಶವೇನೆಂದರೆ, ಈ ಹಾನಿಯ ಸಂಬಂಧ ಕಂಡದ್ದು ಆಮ್ಲಜನಕದ ಕೊರತೆಯೊಡನೆಯೇ ಹೊರತು ನಿದ್ರೆ ಮುರಿಯುವುದರೊಡನೆ ಅಲ್ಲ.

ಹಾಗೆಂದು ಉತ್ಪ್ರೇಕ್ಷೆ ಸಲ್ಲದು. ಸಂಬಂಧ ಕಂಡಮಾತ್ರಕ್ಕೆ ಕಾರಣ ಸಿದ್ಧವಾಗದು; ಸ್ಥೂಲಕಾಯ, ರಕ್ತದೊತ್ತಡಗಳು ಇದೇ ರೋಗಿಗಳಲ್ಲಿ ಹೆಚ್ಚು, ಅವೂ ಮಿದುಳನ್ನು ಬಾಧಿಸುವುವು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಲೋಕಕ್ಕೆ ಪರಿಚಯಿಸಿದ ಸಿಪ್ಯಾಪ್ ಯಂತ್ರ ಮೂಗಿನ ಮೂಲಕ ಗಾಳಿಯ ಒತ್ತಡವನ್ನು ಕೊಟ್ಟು ಗಂಟಲು ಕುಸಿಯದಂತೆ ತಡೆಯುವುದು. ಅದನ್ನು ಸಾವಿರಕ್ಕೂ ಮಿಕ್ಕ ರೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹಗಲಿನ ತೂಕಡಿಕೆ ತಗ್ಗಿತಾದರೂ ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವಿರೋಧಿಗಳಿಗೆ ಇದು ಒಳ್ಳೆಯ ಆಯುಧವಾಗಿ ತೋರಬಹುದು. ನನಗಾದರೋ, ಹಲವು ವರ್ಷ ಉಪೇಕ್ಷಿತವಾದ ಹಾನಿ ತಿಂಗಳುಗಳಲ್ಲಿ ತುಂಬಿಬಾರದೆಂಬುದು ಬೇಗನೆ ಪರೀಕ್ಷಿಸುವುದಕ್ಕೇ ಕಾರಣವಾಗಿ ತೋರುತ್ತದೆ.

ಬರೆದ ಮಾತಿನ ನೆರವಿಲ್ಲದೆ ಗಂಟೆಗಟ್ಟಲೆ ಅರ್ಥ ಹೇಳುವ ತಾಳಮದ್ದಳೆಯ ಅರ್ಥಧಾರಿಗಳನ್ನು ಗೌರವಿಸುವ ನಮ್ಮ ಮಂಗಳೂರಿಗೆ ಸ್ಮೃತಿಯ ಬೆಲೆ ತಿಳಿಯದ್ದಲ್ಲ. ವೈದ್ಯಶಾಸ್ತ್ರದಲ್ಲಿಯೂ ಮಂಗಳೂರು ಬಡವಲ್ಲ: ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಾಲಯವನ್ನು ಆರಂಭಿಸಿದ್ದು 1880ರಲ್ಲಿ, 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿ ಕಲಿಯತೊಡಗಿ ಎಷ್ಟೋ ಕಾಲವಾಯಿತು. ಕೊರತೆಯಿರುವುದು ಕೇಳುವ ಪ್ರಶ್ನೆಯಲ್ಲಿ. ರೋಗಿಗೆ ತನ್ನ ರೋಗ ಕಾಣದು. ಕಂಡವರು ಅದೇ ಕೋಣೆಯಲ್ಲಿ ಮಲಗುವ ಹೆಂಡತಿ, ಗಂಡ ಅಥವಾ ಮಗಳು. ಆದ್ದರಿಂದ ಮರವೆಯೆಂದು ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವವರು, ಇರುಳಿನಲ್ಲಿ ಅವರ ಗೊರಕೆ ನಡುನಡುವೆ ನಿಲ್ಲುವುದುಂಟೇ, ಉಸಿರು ಕಟ್ಟಿದಂತಾಗಿ ಮೇಲೇಳುವುದುಂಟೇ ಎಂಬುದನ್ನು, ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.